ಕಂಬಳಿ ಹಣ್ಣಿನ ಪಾಲು

ಹಿಪ್ಪುನೇರಳೆಗೆ ನಮ್ಮ ಮೇಲವಂಕಿ ಊರಿನ ಮನೆಯಲ್ಲಿ ಕಂಬಳಿ ಹಣ್ಣು ಅನ್ನುತ್ತಿದ್ದೆವು. ನೋಡಲಿಕ್ಕೆ ಥೇಟ್ ಕಂಬಳಿಹುಳ. ಹಳ್ಳದ ದಂಡೆಗೆ ಯಾರೂ ನೆಡದೆ ತಾನೇ ಬೆಳೆದ ಗಿಡ ಒಂದೇ ಇತ್ತು. ಅದರ ಹಣ್ಣೆಲ್ಲ ನನ್ನ ತಂಗಿಗೆ. ನನಗೆ ಎಲೆ! ಎಳೆ ಎಲೆಯನ್ನು ಬೇಳೆಯೊಳಗೆ ಹಾಕಿ ಕುದಿಸಿದ ಪಲ್ಲೆ. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಇದಕ್ಕೆಲ್ಲ ಕಾರಣ ಗೋಕಾಕದ ದವಾಖಾನೆಯ ನರ್ಸಬಾಯಿ. ಸ್ವಾತಂತ್ರ್ಯ ಬಂದ ಹೊಸತು. ತಂಗಿ ಸ್ವಲ್ಪ ನಡೆದರೂ ತೇಕುತ್ತಾಳೆಂದು ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿದ್ದಳು. ಆ ಬಾಯಿ ತಂಗಿಯ ಕಣ್ಣಿನ ಕೆಳಗಿನ ರೆಪ್ಪೆ ಜಗ್ಗಿ ನೋಡಿ, “ಬಿಳಚಿಕೊಂಡೈತಿ ನೋಡ್ರಿ. ರಕ್ತ ಕಡಿಮಿ ಐತಿ. ತಪ್ಪಲಪಲ್ಲೆ, ಸೊಪ್ಪು ಹಾಕ್ರಿ, ಕಂಬಳಿ ಹಣ್ಣ ಸಿಕ್ರ ಬಿಡಬ್ಯಾಡ್ರಿ” ಅಂದಳು. ಆಮೇಲೆ ನನ್ನದನ್ನೂ ಜಗ್ಗಿ, “ಇಕಿಗೇನ ಧಾಡಿ ಇಲ್ಲ” ಅಂದುಬಿಟ್ಟಳು.

ಅಲ್ಲಿಗೆ ಮುಗಿಯಿತು ನನ್ನ ಕಥೆ. ಅವ್ವ ಸೆರಗಿನಲ್ಲಿ ಹಣ್ಣು ತಂದು ತಂಗಿಯ ಉಡಿಗೆ ಸುರಿಯುವಳು. ಅವಳು ತಿಂದು, ನನ್ನೆದುರು ನೇರಳೆಬಣ್ಣದ ನಾಲಗೆ ಚಾಚುವಳು. ನಾನು ಕೈ ಒಡ್ಡಿದರೆ ಅವ್ವ, “ನಿನಗ್ಯಾಕ? ನೀ ಗಟ್ಟಿ ಅದಿ. ಗಟ್ಟಿ ಇದ್ದವ್ರು ತಿಂದ್ರ ಹೊಟ್ಟ್ಯಾಗ ಕಂಬಳಿಹುಳ ಹುಟ್ಟತಾವ” ಅನ್ನುವಳು. ಅದನ್ನೂ ನಂಬಿದೆ, ಎಂಥ ಪೆದ್ದಿ! ನನಗೂ ಒಂದು ಜಡ್ಡು ಕೊಡಪ್ಪಾ ಎಂದು ಊರ ದೇವರಿಗೆಲ್ಲ ಬೇಡಿಕೊಂಡೆ. ಕೊಡ ಹೊತ್ತು ಬರುವಾಗ ಬೇಕೆಂದೇ ತೇಕಿದೆ. ಅವ್ವ ನನ್ನ ರೆಪ್ಪೆ ಜಗ್ಗಿ ನೋಡಿ, “ಕುಂಕುಮ ಇದ್ದಂಗ ಐತಿ. ನಡಿ, ಇನ್ನೊಂದ ಕೊಡ ತಾ” ಅಂದಳು.

ಸಿಟ್ಟು ನೆತ್ತಿಗೇರಿತು. ಕೊಡ ಕುಕ್ಕಿ, “ಬರೇ ನಮ್ಮದ ನೋಡ್ತಿ. ನಿಂದೂ ತೋರ್ಸ ಬೇ!” ಎಂದು ಅವಳ ರೆಪ್ಪೆ ಜಗ್ಗಿಯೇಬಿಟ್ಟೆ.

ಒಳಗೆ ಜೋಳದ ಹಿಟ್ಟಿನಂಥ ಬಿಳಿ. ದವಾಖಾನೆಯಲ್ಲಿ ತಂಗಿಯದೂ ಅಷ್ಟು ಬೆಳ್ಳಗಿರಲಿಲ್ಲ.

ಹಳ್ಳಕ್ಕೆ ಓಡಿದೆ. ಗಿಡ ಹತ್ತಿ, ಕರ್ರಗೆ ಮಾಗಿದ್ದನ್ನೆಲ್ಲ ಕಿತ್ತು ಉಡಿ ತುಂಬಿಕೊಂಡು ಬಂದೆ. ತಂಗಿ ಎಂದಿನಂತೆ ಕೈಯೊಡ್ಡಿ ಬಂದಳು. “ಸರಿ ಆಕಡೆ! ಇವತ್ತ ನಿನಗಿಲ್ಲ” ಎಂದು ಅವ್ವನ ಮುಂದೆ ಕುಳಿತೆ.

ಅವ್ವ ಮುಖ ತಿರುಗಿಸಿದಳು. “ನನಗ್ಯಾಕ? ನಾ ಗಟ್ಟಿ ಅದೇನಿ. ಹೊಟ್ಟ್ಯಾಗ ಹುಳ ಹುಟ್ಟತಾವ.”

“ಹುಟ್ಟಿದ್ರ ಹುಟ್ಟಲಿ” ಅಂದೆ. “ಬಾಯಿ ತಗಿ ಬೇ.”