ಕಾಲರಿಲ್ಲ, ಜೇಬಿಲ್ಲ

ನಾನು ಇಪ್ಪತ್ತು ವರ್ಷದಿಂದ ಟೇಲರು. ಆದರೆ ನನಗೆ ಅಂಗಿ ಹೊಲಿಯಲು ಬರುವುದಿಲ್ಲ. ಪ್ಯಾಂಟೂ ಬರುವುದಿಲ್ಲ. ನಗಬೇಡಿ, ಆಂಧ್ರಕ್ಕೆ ಸೇರಿದ ನಮ್ಮ ರಾಯದುರ್ಗದ ಜೀನ್ಸ್ ಯೂನಿಟ್ಟುಗಳಲ್ಲಿ ನನ್ನಂಥವರು ಬೇಕಾದಷ್ಟು ಜನ ಇದ್ದಾರೆ. ಒಬ್ಬ ಜಿಪ್ಪು ಕೂಡಿಸುತ್ತಾನೆ, ಇನ್ನೊಬ್ಬ ಬೆಲ್ಟು, ಮತ್ತೊಬ್ಬ ಬರೀ ಬೆಲ್ಟು ತೂರಿಸುವ ಲೂಪು. ನನ್ನದು ಹಿಂದಿನ ಜೇಬು. ಕಣ್ಣು ಮುಚ್ಚಿಕೊಂಡು ಹೊಲಿದರೂ ಎರಡು ಸಾಲು ಹೊಲಿಗೆ ರೈಲು ಕಂಬಿಯ ಹಾಗೆ ಹೋಗುತ್ತದೆ. ಆ ಜೇಬು ಯಾವ ಊರಿಗೆ ಹೋಯಿತು, ಯಾರು ತೊಟ್ಟರು ಎಂಬುದು ಮಾತ್ರ ಗೊತ್ತಾಗುವುದಿಲ್ಲ. ನನ್ನ ಹೆಂಡತಿ ರತ್ನ ಮಡಕಶಿರದ ಹತ್ತಿರದ ರೊಳ್ಳದವಳು. ಮದುವೆಗೆ ಮುಂಚೆ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ನಾಲ್ಕು ವರ್ಷ ಹೆಂಗಸರ ಶರ್ಟಿನ ಕಾಲರು ಹೊಲಿದವಳು. ಹೀಗೆ ಮನೆಯಲ್ಲಿ ಇಬ್ಬರು ಟೇಲರುಗಳಿದ್ದೂ ಅವಳ ರವಿಕೆ ಪಕ್ಕದ ಬೀದಿಗೆ ಹೋಗುತ್ತದೆ. ಗಂಡ ಏನು ಕೆಲಸ ಮಾಡುತ್ತಾನೆಂದು ಯಾರಾದರೂ ಕೇಳಿದರೆ ಅವಳು "ಜೇಬು ಹೊಲೀತಾರೆ" ಎಂದಷ್ಟೇ ಹೇಳುತ್ತಾಳೆ. ಸುಳ್ಳೇನಲ್ಲ. ಆದರೂ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಒಳಗೆ ಚುರ್ ಎನ್ನುತ್ತದೆ.

ನಮ್ಮಿಬ್ಬರಿಗೂ ಇರುವ ಚಟ ಒಂದೇ: ಹಳೇ ಕಾಲದ ಚೀನಾದವರ ಕತ್ತಿ ಕಾಳಗ ನೋಡುವುದು. ಚಟ ಒಂದಾದರೂ ಪಂಗಡ ಬೇರೆ. ನಾನು ಸಿನಿಮಾದವನು, ಅವಳು ಸೀರಿಯಲ್ಲಿನವಳು. ಎರಡೂ ನಮ್ಮ ಮನೆಯ ಫೋನಿಗೆ ತೆಲುಗು ಮಾತಾಡಿಕೊಂಡು ಬರುತ್ತವೆ, ನಾವು ಅವುಗಳ ಬಗ್ಗೆ ಕನ್ನಡದಲ್ಲಿ ಜಗಳವಾಡುತ್ತೇವೆ.

ನನ್ನ ಸಿನಿಮಾದಲ್ಲಿ ಮೊದಲ ಹತ್ತು ನಿಮಿಷಕ್ಕೇ ಗುರು ಸಾಯುತ್ತಾನೆ. ಶಿಷ್ಯ ಬೆಟ್ಟ ಹತ್ತಿ, ನೀರು ಹೊತ್ತು, ಒಂದು ಹಾಡಿನಷ್ಟು ಹೊತ್ತಿನಲ್ಲಿ ವಿದ್ಯೆ ಕಲಿತು, ಛತ್ರದ ಬೆಂಚುಗಳನ್ನೆಲ್ಲ ಪುಡಿ ಮಾಡಿ, ನಾವು ಭಾನುವಾರದ ಊಟಕ್ಕೆ ಏಳುವಷ್ಟರಲ್ಲಿ ಸೇಡು ತೀರಿಸಿಕೊಂಡಿರುತ್ತಾನೆ. ಅಂಗಿ ಹರಿಯುತ್ತದೆ, ಬೆವರಿಗೆ ಧೂಳು ಮೆತ್ತುತ್ತದೆ. ಅವಳ ಸೀರಿಯಲ್ಲಿನಲ್ಲಿ ಅದೇ ಛತ್ರಕ್ಕೆ ಬಂದವರು ಮೊದಲು ಕೂತು ಚಹಾ ಕುಡಿಯುತ್ತಾರೆ. ಕತ್ತಿ ಒರೆಯಿಂದ ಅರ್ಧ ಹೊರಗೆ ಬರುವಷ್ಟರಲ್ಲಿ ಆ ದಿನದ ಕಂತು ಮುಗಿಯುತ್ತದೆ, ಉಳಿದರ್ಧಕ್ಕೆ ನಾಳೆ ಬರಬೇಕು. ಬಿದಿರು ಮೆಳೆಯ ಮೇಲೆ ಹಾರಿ ಕೆಸರಿನಲ್ಲಿ ಇಳಿದರೂ ಬಿಳಿ ನಿಲುವಂಗಿಯ ಇಸ್ತ್ರಿ ಮುರಿದಿರುವುದಿಲ್ಲ. ಇದನ್ನು ಹೇಳಿ ನಾನು ನಕ್ಕರೆ ರತ್ನ ಸಿಟ್ಟಾಗುವುದೂ ಇಲ್ಲ.

"ನಿಮ್ ಪಿಚ್ಚರ್‌ನಾಗೆ ಬರೋರು ಹೊಡೆದಾಡಾಕೇ ಬರ್ತಾರೆ. ಇವ್ರು ಬದುಕಾಕೆ ಬಂದವ್ರೆ, ಮಧ್ಯದಾಗೆ ಒಂದೀಟು ಹೊಡೆದಾಡ್ತಾರೆ" ಎನ್ನುತ್ತಾಳೆ.

ಅವಳ ಪಕ್ಷಪಾತಕ್ಕೆ ಇನ್ನೊಂದು ಕಾರಣವೂ ಇದೆ. ತವರಿನಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುತ್ತಾರೆ. ರೇಷ್ಮೆಯನ್ನು ಲೋಕಕ್ಕೆ ಕೊಟ್ಟದ್ದು ಚೀನಾ, ಯಾವುದೋ ರಾಣಿಯ ಚಹಾ ಬಟ್ಟಲಿಗೆ ಗೂಡು ಬಿದ್ದು ಎಳೆ ಬಿಚ್ಚಿಕೊಂಡಿತಂತೆ ಎಂದು ಎಲ್ಲೋ ಓದಿದ್ದನ್ನು ನಾನೇ ಒಮ್ಮೆ ಜಂಬದಿಂದ ಹೇಳಿದ್ದೆ. ಹೇಳಬಾರದಿತ್ತು. ಅಂದಿನಿಂದ ಚೀನಾ ದೇಶ ಅವಳ ತವರಿನ ಕಡೆಯ ನೆಂಟರ ಮನೆಯಾಯಿತು. ತವರನ್ನು ಆಡಿಕೊಂಡು ಗೆದ್ದ ಗಂಡನನ್ನು ನಾನಂತೂ ಕಂಡಿಲ್ಲ.

ಒಂದು ಭಾನುವಾರ ಅವಳು ಪೆಟ್ಟಿಗೆಯಿಂದ ಒಂದು ರೇಷ್ಮೆ ಸೀರೆ ತೆಗೆದು ನನ್ನ ಮುಂದಿಟ್ಟಳು. ಸೀಮಂತಕ್ಕೆ ಅವಳವ್ವ ಕೊಟ್ಟಿದ್ದು. ಅವ್ವ ಈಗಿಲ್ಲ. ಸೀರೆ ಮಡಿಕೆಯುದ್ದಕ್ಕೂ ಸೀಳು ಬಿಟ್ಟಿತ್ತು, ಉಡುವ ಹಾಗಿರಲಿಲ್ಲ. ಸೀರಿಯಲ್ಲಿನ ಕತ್ತಿ ಹುಡುಗಿ ಹಾಕುವಂಥ ನಿಲುವಂಗಿಯನ್ನು ಇದರಲ್ಲಿ ಹೊಲಿದುಕೊಡಬೇಕಂತೆ.

"ಜೇಬು ಬಿಟ್ರ ನನಗೇನು ಬರ್ತೈತಿ ಅಂತ ಕೇಳ್ತಿ?" ಅಂದೆ.

"ನಂಗೆ ಕಾಲರ್ ಬರ್ತೈತಲ್ಲ. ಇಬ್ರೂ ಸೇರಿದ್ರೆ ಒಬ್ಬ ಟೇಲರ್ ಆಗಲ್ವಾ?"

ಆಮೇಲೆ ನಾವಿಬ್ಬರೂ ಸೀರಿಯಲ್ಲು ಹಾಕಿ ನೋಡಿದೆವು. ಆ ನಿಲುವಂಗಿಗೆ ಕಾಲರೂ ಇಲ್ಲ, ಜೇಬೂ ಇಲ್ಲ. ಎದೆಯ ಮುಂದೆ ಒಂದರ ಮೇಲೊಂದು ಬರುವ ಎರಡು ಸೆರಗು, ಸೊಂಟಕ್ಕೊಂದು ಪಟ್ಟಿ, ಗೋಣಿಚೀಲದಷ್ಟು ಅಗಲದ ತೋಳು, ಅಷ್ಟೇ. ಇಬ್ಬರ ವಿದ್ಯೆಗೂ ಅಲ್ಲಿ ಕೆಲಸವೇ ಇರಲಿಲ್ಲ. ಒಂದು ವಾರ ನಾನು ಕತ್ತರಿ ಮುಟ್ಟಲಿಲ್ಲ. ಯೂನಿಟ್ಟಿನಲ್ಲಿ ಒಂದು ಜೇಬು ಕೆಟ್ಟರೆ ಬಂಡಲಿನಲ್ಲಿ ಇನ್ನೊಂದಿರುತ್ತದೆ. ಇದಕ್ಕೆ ಇನ್ನೊಂದಿಲ್ಲ. ಕೆಡಿಸಿದರೆ ನಾನು ಸಾಯುವ ತನಕ ಜೇಬಿನವನೇ, ಅದರ ಮೇಲೆ ಅತ್ತೆಯ ಸೀರೆ ಹಾಳು ಮಾಡಿದವನು ಎಂಬ ಬಿರುದು ಬೇರೆ.

ಅಳತೆಗೆಂದು ಮೊದಲು ನನ್ನ ಸಿನಿಮಾಗಳನ್ನೇ ನಂಬಿದೆ. ಉಪಯೋಗವಾಗಲಿಲ್ಲ. ಅಲ್ಲಿ ಯಾರೂ ಒಂದು ಕ್ಷಣ ನಿಲ್ಲುವುದಿಲ್ಲ. ತೋಳಿನ ಹೊಲಿಗೆ ಹುಡುಕುವಷ್ಟರಲ್ಲಿ ತೋಳೇ ಹರಿದಿರುತ್ತದೆ. ಸೀರಿಯಲ್ಲಿನ ಹುಡುಗಿಯಾದರೋ ಚಂದ್ರನನ್ನು ನೋಡುತ್ತ ಅರ್ಧ ಕಂತು ನಿಂತುಬಿಡುತ್ತಾಳೆ. ಟೇಪು ಹಿಡಿದು ಅಳೆದುಕೊಳ್ಳಬಹುದು. ಹಾಗೆ ನೋಡುತ್ತ ನೋಡುತ್ತ ಗಂಡಸಾಗಲಿ ಹೆಂಗಸಾಗಲಿ ಎಲ್ಲರದೂ ಎಡಸೆರಗು ಬಲದ ಮೇಲೆ ಬರುತ್ತದೆ ಎಂಬುದನ್ನು ಕಂಡುಹಿಡಿದೆ. ಹೆಂಗಸರ ಬಟ್ಟೆಯಲ್ಲಿ ಬಲವೇ ಮೇಲೆ ಬರಬೇಕೆಂದು ಹೆಂಗಸರ ಶರ್ಟು ಹೊಲಿದ ರತ್ನ ಎರಡು ದಿನ ವಾದ ಮಾಡಿದಳು. ತಿರುವುಮುರುವಾಗಿ ಉಡಿಸುವುದು ಅಲ್ಲಿ ಸತ್ತವರಿಗಂತೆ ಎಂದು ತಿಳಿದ ಮೇಲೆ ಸುಮ್ಮನಾದಳು.

ತೆಲುಗು ಪೇಪರಿನಲ್ಲಿ ಅಚ್ಚು ಕತ್ತರಿಸಿದೆವು. ಹಳೇ ದುಪ್ಪಟಿಯಲ್ಲಿ ಹೊಲಿದು ನೋಡಿದಾಗ ಎರಡು ತೋಳೂ ಬಲಗೈಗೇ ಬಂದವು. ಬಿಚ್ಚಿ ಮತ್ತೆ ಹೊಲಿದೆ. ಸಿನಿಮಾದ ಶಿಷ್ಯನ ಹಾಗೆ ಒಂದು ಹಾಡಿನಲ್ಲಿ ಕಲಿಯಬೇಕೆಂದಿದ್ದವನು ಸೀರಿಯಲ್ಲಿನ ಶಿಷ್ಯನ ಹಾಗೆ ಕಂತುಗಟ್ಟಲೆ ನೀರು ಹೊತ್ತೆ. ಕೊನೆಗೆ ಸೀರೆಗೆ ಕತ್ತರಿ ಹಾಕಿದ ದಿನ ಅವಳು ಅಂಚು ಹಿಡಿದುಕೊಂಡು ಕಣ್ಣು ಮುಚ್ಚಿದಳು. ನನಗೆ ಆ ಅನುಕೂಲವಿರಲಿಲ್ಲ.

ದಪ್ಪ ಜೀನ್ಸಿಗೆ ಒಗ್ಗಿದ ಕೈಗೆ ರೇಷ್ಮೆ ಎಲ್ಲಿ ಮಾತು ಕೇಳುತ್ತದೆ? ಹೊಲಿಗೆ ಕುರಿ ನಡೆದ ದಾರಿಯ ಹಾಗೆ ಹೋಯಿತು. ಕಾಲರಿಲ್ಲದ ಕತ್ತಿನ ಅಂಚಿಗೆ ಒಂದು ಪಟ್ಟಿಯನ್ನು ರತ್ನ ಕೂಡಿಸಿದಳು, ಅದೊಂದು ಚೆನ್ನಾಗಿ ಕೂತಿತು. ಎಲ್ಲ ಮುಗಿದ ಮೇಲೆ ಅವಳಿಗೆ ಹೇಳದೆ ಎಡಸೆರಗಿನ ಒಳಮಗ್ಗುಲಿಗೆ ಯಾವ ಕಂತಿನಲ್ಲೂ ಇಲ್ಲದ ಒಂದು ಜೇಬು ಇಟ್ಟೆ. ಅಷ್ಟೊಂದು ಶೂರರಿದ್ದಾರೆ, ಒಬ್ಬರಿಗಾದರೂ ಫೋನ್ ಇಡಲು ಜಾಗವಿಲ್ಲ ನೋಡಿ. ಇಡೀ ನಿಲುವಂಗಿಯಲ್ಲಿ ನೆಟ್ಟಗೆ ಹೋದ ನನ್ನ ಹೊಲಿಗೆ ಅದೇ ಎರಡು ಸಾಲು.

ಮರುದಿನ ಬೆಳಿಗ್ಗೆ ರತ್ನ ಅದನ್ನು ನೈಟಿಯ ಮೇಲೆ ತೊಟ್ಟು ಬೀದಿ ನಲ್ಲಿಗೆ ನೀರಿಗೆ ಹೋದಳು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಎದುರು ಮನೆಯ ಗಂಗಮ್ಮ ತೋಳು ಹಿಡಿದೆಳೆದು ನೋಡಿ, "ಇದನ್ನ ಯಾರು ಹೊಲಿದ್ರವ್ವಾ?" ಎಂದು ಕೇಳಿದರು. ರತ್ನ ಸೆರಗಿನೊಳಗೆ ಕೈ ಹಾಕಿದವಳು ಅಲ್ಲಿದ್ದ ಜೇಬನ್ನು ತಡವಿ ನೋಡಿದಳು.

"ನಮ್ಮನೆಯವ್ರು. ಟೇಲ್ರಲ್ವಾ ಅವ್ರು" ಎಂದಳು.

ಆಮೇಲೆ ಅವರು ಬೇರೇನೋ ಮಾತಾಡಿಕೊಂಡರು, ಕೊಡ ತುಂಬಿತು. ನನಗೆ ಯೂನಿಟ್ಟಿಗೆ ಹೊತ್ತಾಗುತ್ತಿತ್ತು. ಆದರೂ ಸೀರಿಯಲ್ಲಿನವರ ಹಾಗೆ ಅರ್ಧ ಕಂತಿನಷ್ಟು ಹೊತ್ತು ಅಲ್ಲೇ ಸುಮ್ಮನೆ ನಿಂತಿದ್ದೆ.