ಓಣಿಯ ನಡುವೆ ಹೇಳಿದ ಉಪ್ಪಿನ ಹದ

ಮೊನ್ನೆ ಹರಪನಹಳ್ಳಿ ರಸ್ತೆಯಲ್ಲಿ ಯಾವುದೋ ಬಂದ್. ನಡುರಸ್ತೆಯಲ್ಲಿ ಟೈರು ಸುಡುತ್ತಿದ್ದರು. ಬಸ್ಸಿನಲ್ಲಿದ್ದವರೆಲ್ಲ ಸೆರಗು, ಟವೆಲ್ಲು ಅಂತ ಮೂಗಿಗೆ ಹಿಡಿದರೆ ನನಗೆ ಮಾತ್ರ ಬಿಸಿ ಮಂಡಕ್ಕಿ ನೆನಪಾಯಿತು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಬೆಳೆದವರಿಗೆ ಆ ಹೊಗೆ, ಆ ಮಂಡಕ್ಕಿ ಬೇರೆ ಬೇರೆ ಅಲ್ಲ. ಅದರ ಹಿಂದೆಯೇ ಎದುರುಮನೆ ಅತ್ತೆ ನೆನಪಾದಳು...

ತೊಂಬತ್ತರ ದಶಕದ ಕೊನೆಯ ಮಾತು. ಓಣಿಯ ಎರಡೂ ಮಗ್ಗುಲಿಗೆ ಮಂಡಕ್ಕಿ ಹುರಿಯುವ ಭಟ್ಟಿಗಳಿದ್ದವು, ಒಬ್ಬರಿಗೊಬ್ಬರು ಪೈಪೋಟಿ. ನಮ್ಮದು ತುದಿಯಲ್ಲಿ ಹಿಟ್ಟಿನ ಗಿರಣಿ, ಹಾಗಾಗಿ ನಾವು ಯಾರ ಪಾರ್ಟಿಯೂ ಅಲ್ಲ. ಭಟ್ಟಿಯವರು ಅಗ್ಗಕ್ಕೆ ಸಿಗುವ ಹಳೇ ಟೈರು ಉರಿಸುತ್ತಿದ್ದರು. ಒಣಹಾಕಿದ ಬಿಳಿ ಅಂಗಿ ಸಂಜೆಗೆ ಕರಿ. ಅತ್ತೆ ಗಂಡ ತೀರಿಕೊಂಡ ಮೇಲೆ ಮೈದುನನ ಜೊತೆ ಮನೆತನದ ಭಟ್ಟಿ ನಡೆಸುತ್ತಿದ್ದಳು. ಬಾಯಿ ಬಲು ಜೋರು. ಅವಳ ಮಂಡಕ್ಕಿಗೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ಅಂಗಡಿಯವರು ಬಂದು ಕಾಯುತ್ತಿದ್ದರು. ಮಂಡಕ್ಕಿ ಅರಳುವುದೇ ಅಕ್ಕಿಗೆ ಉಪ್ಪುನೀರು ಹಾಕುವ ಹದದಲ್ಲಿ. ಪ್ರತಿ ಮನೆಗೂ ಅದೊಂದು ಗುಟ್ಟು. ಸೊಸೆಗೆ ಹೇಳುತ್ತಿದ್ದರು, ಕೊಟ್ಟ ಮನೆಗೆ ಹೋಗುವ ಮಗಳಿಗೆ ಹೇಳುತ್ತಿರಲಿಲ್ಲ.

ಟೈರು ಬಿಡಿ, ಇಲ್ಲವೇ ಮಳೆಗಾಲದೊಳಗೆ ಭಟ್ಟಿ ಮುಚ್ಚಿ ಎಂದು ಸರ್ಕಾರದ ಆದೇಶ ಬಂತು. ಅದರ ಬೆನ್ನಿಗೇ ಸಾಹೇಬರೊಬ್ಬರು ಬಂದು, ನೀವೆಲ್ಲ ಸೇರಿ ಕ್ಲಸ್ಟರ್, ಅಂದರೆ ಒಂದು ಕೂಟ ಆಗಬೇಕು, ಕೂಡಿ ಹೊಸ ಒಲೆ ಕಟ್ಟಬೇಕು, ಕಲಿಯುತ್ತ ಬದಲಾಗಬೇಕು ಎಂದು ಭಾಷಣ ಮಾಡಿದರು. ಅತ್ತೆ ಎದ್ದು ನಿಂತು, "ಅಜ್ಜನ ಕಾಲದಿಂದ ಒಂದ ಓಣ್ಯಾಗ ಅದೀವಿ ಸಾಹೇಬ್ರ, ಒಂದಾಗಿಲ್ಲ ಅಷ್ಟ" ಅಂದಳು. ಸಾಹೇಬರೂ ನಕ್ಕರು.

ಭತ್ತದ ಹೊಟ್ಟು ಉರಿಸುವ ಒಲೆಯನ್ನು ಮೊದಲು ಕಟ್ಟಿಸಿದವಳು ಅವಳೇ. ಓಣಿಯವರೆಲ್ಲ ತಮ್ಮ ಅಕ್ಕಿಯನ್ನು ಅಲ್ಲಿಗೇ ತಂದು ಹುರಿದು ನೋಡುವುದು, ಕೆಟ್ಟರೆ ನಷ್ಟ ಎಲ್ಲರದು ಅಂತ ಮಾತಾಯಿತು. ಹೊಟ್ಟಿನ ಉರಿ ಟೈರಿನಷ್ಟು ಬಿರುಸಲ್ಲ. ಮಂಡಕ್ಕಿ ಅರಳದೆ ಗಟ್ಟಿ ಬಂತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡೋಣ, ಇವತ್ತು ಒಲೆಯ ಗಾಳಿ, ನಾಳೆ ಹುರಿಯುವ ಮರಳು ಎಂದು ಅತ್ತೆ ಕಟ್ಟಪ್ಪಣೆ ಮಾಡಿದಳು. ಎಲ್ಲರೂ ಹೂಂ ಅಂದರು. ಹೂಂ ಅಂದವರೇ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ತಮ್ಮ ಗುಟ್ಟಿನ ಉಪ್ಪಿಗೆ ಇಷ್ಟು ಸೋಡಾ, ಅಷ್ಟು ಸುಣ್ಣದ ತಿಳಿ ಬೆರೆಸಿಕೊಂಡು ಬರುತ್ತಿದ್ದರು. ತಮ್ಮದೇ ಮೊದಲು ಅರಳಲಿ ಅಂತ, ನೋಡಿ ಎಂಥ ಜನ! ಹೀಗಾಗಿ ಒಂದು ದಿನ ಅರಳಿದರೆ ಯಾಕೆ ಅರಳಿತು ಗೊತ್ತಿಲ್ಲ, ಮರುದಿನ ಕೆಟ್ಟರೆ ಯಾಕೆ ಕೆಟ್ಟಿತು ಗೊತ್ತಿಲ್ಲ. ಕೇಳಿದರೆ ಬಾಯಿಗೆ ಕಡುಬು ತುರುಕಿಕೊಂಡವರ ಹಾಗೆ ಸುಮ್ಮನೆ. ಮಳೆಗಾಲ ಹತ್ತಿರ ಬಂತು. ಕೆಲವರು ಭಟ್ಟಿ ಮಾರುವ ಮಾತಾಡತೊಡಗಿದರು.

ಒಂದು ಬೆಳಿಗ್ಗೆ ಅತ್ತೆ ಅಕ್ಕಿಯ ಬುಟ್ಟಿ, ಉಪ್ಪುನೀರಿನ ಹಂಡೆ ತಂದು ಓಣಿಯ ನಡುವೆ ಇಟ್ಟಳು. ಎಲ್ಲರನ್ನೂ ಹೆಸರು ಹಿಡಿದು ಕೂಗಿದಳು. ಮೈದುನ ಓಡಿ ಬಂದು ಅವಳ ಕೈ ಹಿಡಿದುಕೊಂಡ.

"ವೈನಿ, ಮನಿತನ ಬೀದಿಗೆ ಹಾಕಬ್ಯಾಡ. ಇದೊಂದು ಹೇಳಿದಿ ಅಂದ್ರ ನಮ್ಮ ಹೊಸ್ತಿಲಾ ತುಳೀಬ್ಯಾಡ."

"ಓಣಿನ ಹೋದ ಮ್ಯಾಲ ಗುಟ್ಟು ಇಟಗೊಂಡು ನೆಕ್ಕತೀಯೇನು? ಬಿಡು ಕೈ."

ಬಿಡಿಸಿಕೊಂಡು, ಎಲ್ಲರೆದುರಿಗೆ ತನ್ನ ಮನೆಯ ಹದ ಹೇಳಿ, ಮಾಡಿಯೂ ತೋರಿಸಿದಳು. ಆಮೇಲೆ ಒಬ್ಬೊಬ್ಬರಾಗಿ ತಾವೇನು ಬೆರೆಸಿದ್ದೆವು ಅಂತ ಬಾಯಿಬಿಟ್ಟರು. ಅವತ್ತಿನಿಂದ ಎಲ್ಲರ ಅಕ್ಕಿಗೂ ಒಂದೇ ಹದ. ಬದಲಾಗುವುದು ಒಲೆ ಮಾತ್ರ. ಗಾಳಿ ಊದುವ ಫ್ಯಾನು ಎಲ್ಲಿರಬೇಕು ಅನ್ನುವುದು ಆಗ ತಿಳಿಯಿತು. ಮಳೆ ಹಿಡಿಯುವ ಮುಂಚೆ ಭಟ್ಟಿಗಳೆಲ್ಲ ಹೊಟ್ಟಿನ ಒಲೆಗೆ ಬದಲಾದವು. ಒಂದೂ ಮುಚ್ಚಲಿಲ್ಲ.

ಮೈದುನ ಮಾತ್ರ ಹೇಳಿದಂತೆಯೇ ಮಾಡಿದ. ಅವಳ ಟ್ರಂಕನ್ನು ಹೊರಗಿಟ್ಟ. ಅವಳಿಂದಲೇ ಉಳಿದುಕೊಂಡ ಓಣಿ ಅವಳ ಪರ ಒಂದು ಮಾತು ಆಡಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ನಮ್ಮ ಗಿರಣಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅತ್ತೆ ಚಿಕ್ಕದೊಂದು ಭಟ್ಟಿ ಹಾಕಿಕೊಂಡಳು. ನಮ್ಮವ್ವ ಕಣ್ಣೀರು ಹಾಕಿದರೆ, "ಅಳಾಕ ಟೈಮಿಲ್ಲವ್ವಾ, ಉರಿ ಆರತೈತಿ" ಎಂದು ಅವಳನ್ನೇ ಗದರಿದಳು. ಸಾಯುವವರೆಗೂ ಆ ಹೊಸ್ತಿಲು ತುಳಿಯಲಿಲ್ಲ. ಅವಳು ಹೋಗಿ ವರ್ಷಗಳೇ ಆದವು... ಅಂಥ ಬಾಯಿ ಓಣಿಯಲ್ಲಿ ಮತ್ತೆ ಹುಟ್ಟಲಿಲ್ಲ.

ಬಂದ್ ಮುಗಿದು ಬಸ್ಸು ಬಿಟ್ಟ ಮೇಲೆ ಕೊಟ್ಟೂರಿನಲ್ಲಿ ಇಳಿದು ನೇರ ಓಣಿಗೆ ಹೋದೆ. ಅತ್ತೆಯ ಮನೆತನದ ಭಟ್ಟಿ ಈಗ ಮೈದುನನ ಮಗನದು. ಮಂಡಕ್ಕಿ ಬಾಯಿಗೆ ಹಾಕಿಕೊಂಡೆ, ಅದೇ ರುಚಿ. ಬೇಕಂತಲೇ, ಉಪ್ಪಿನ ಹದ ಹೇಗಪ್ಪ ಅಂತ ಕೇಳಿದೆ. ಅವನು ಮೀಸೆಯಲ್ಲೇ ನಕ್ಕ.

"ಅದು ನಮ್ಮ ಮನಿತನದ ಗುಟ್ಟು ನೋಡ್ರಿ. ಹೇಳಾಕ ಬರಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಹೊರಗೆ ಬಂದು ಓಣಿಯ ನಡುವೆ ನಿಂತೆ. ಉಪ್ಪುನೀರು ಕುದಿಸಬೇಕು, ಕೈ ತಾಳುವಷ್ಟು ಆರಿದ ಮೇಲೆ ಅಕ್ಕಿಗೆ ಹಾಕಬೇಕು, ಗೋಣಿ ಮುಚ್ಚಿ ಬೆಳತನಕ ಬಿಡಬೇಕು, ಕಾಳು ಕಚ್ಚಿದರೆ ಟಕ್ಕನೆ ಮುರಿಯಬೇಕು, ಇದನ್ನು ಹೇಳಿಕೊಟ್ಟವಳು ನಮ್ಮ ಎದುರುಮನೆ ಅತ್ತೆ ಎಂದು ಗಂಟಲು ಹರಿಯುವ ಹಾಗೆ ಕೂಗಿ ಹೇಳಿದೆ. ಜನ ಭಟ್ಟಿ ಬಿಟ್ಟು ಹೊರಗೆ ಬಂದು ನಿಂತರು. ನಾನು ಇನ್ನೊಂದು ಸಲ ಹೇಳಿದೆ.