ಹಳಿಗೂ ಬಿದ್ದ ಸುಂಕ

ನನ್ನ ಅಕ್ಷರ ಕೋಳಿ ಕೆದರಿದಂತಿದೆ, ಮಾತೂ ಅಷ್ಟಕ್ಕಷ್ಟೆ, ಓದುವವರು ಮನ್ನಿಸಬೇಕು. ಇದು ಹೊಸಕೋಟೆ ಹತ್ತಿರದ ನಮ್ಮೂರಿನಲ್ಲಿ ಎತ್ತಿನ ಗಾಡಿ ಮಾಡುವ ನಮ್ಮ ಸೋದರಮಾವ ಮುನಿಯಾಚಾರಿಯವರ ವಿಷಯ.

ಸ್ವಾತಂತ್ರ್ಯ ಬಂದು ಎರಡು ವರ್ಷವಾಗುತ್ತಾ ಬಂತು. ಈ ಬೇಸಿಗೆಯಲ್ಲಿ ಹೊಸೂರಿನ ಚಿನ್ನಸ್ವಾಮಿ ನಮ್ಮ ಸಂತೆಗೆ ಗಾಡಿ ತಂದು ಅಗ್ಗಕ್ಕೆ ಮಾರತೊಡಗಿದ. ಅಲ್ಲಿನ ಜಮೀನ್ದಾರ ಅವನಿಗೆ ಮರ ಪುಕ್ಕಟೆ ಕೊಡುತ್ತಾನಂತೆ. ಮಾವನ ಗಾಡಿ ಕೇಳುವವರೇ ಇಲ್ಲವಾದರು. ಹೀಗೇ ಆದರೆ ಬೆಂಗಳೂರಿನಲ್ಲಿ ಲಾರಿಗೆ ಹಲಗೆ ಹೊಡೆಯುವ ಕೂಲಿಯೇ ಗತಿ ಎಂದು ಮಾವನಿಗೆ ಅನ್ನ ಸೇರದಾಯಿತು.

ಅಷ್ಟರಲ್ಲಿ ಯಾರೋ ಪೇಪರು ಓದಿ ಹೇಳಿದರು: ಪರದೇಶದ ಕಾರಿಗೆ ಸುಂಕ ಹಾಕಿದರೆ ನಮ್ಮವರ ಕಾರು ಉಳಿಯುತ್ತದಂತೆ. ಮಾವ ಎದ್ದವರೇ ಪಟೇಲ್ ಅಪ್ಪಯ್ಯಣ್ಣನವರ ಜಗಲಿ ಹತ್ತಿದರು.

"ಕಾರಿಗಿರೋ ನ್ಯಾಯ ಗಾಡಿಗ್ಯಾಕಿಲ್ಲ ಸ್ವಾಮಿ? ಹೊರಗಿಂದ ಬರೋ ಗಾಡಿಗೆ, ಗಾಡಿ ಸಾಮಾನಿಗೆ, ಒಂದು ಮೊಳೆನೂ ಬಿಡ್ದಂಗೆ ಸುಂಕ ಹಾಕ್ಸಿ."

ಪಟೇಲರು ಒಪ್ಪಿದರು. ಊರಬಾಗಿಲಲ್ಲಿ ತಳವಾರ ಪಿಳ್ಳಣ್ಣ ಕಾವಲು ಕೂತ. ಮರುವಾರ ಮಾವ ಚಕ್ರದ ಸುತ್ತ ಬಿಗಿಯುವ ಕಬ್ಬಿಣದ ಹಳಿಗಳನ್ನು ಬೆಂಗಳೂರಿನಿಂದ ತಂದರೆ, ಪಿಳ್ಳಣ್ಣ ಕೋಲು ಅಡ್ಡ ಹಿಡಿದ.

"ಗಾಡಿ ಸಾಮಾನು. ಸುಂಕ ಕಟ್ಟಿ ಆಚಾರ್ರೇ."

"ನಂಗೇ ಏನ್ಲಾ? ಹಾಕ್ಸಿದ್ದೇ ನಾನು ಕಣ್ಲಾ."

"ಅದ್ಕೇಯ. ನಿಮ್ಮ ಮಾತು ಮೀರೋಕಾಗ್ತದಾ?"

ಸುಂಕ ಕಟ್ಟಿದರೆ ಗಾಡಿಯ ಬೆಲೆ ಏರುತ್ತದೆ. ಗಾಡಿ ಕೊಳ್ಳಲು ಹೊರಟಿದ್ದ ಗೋಪಾಲಪ್ಪನವರು ಹೊಸೂರಿನದನ್ನೇ ಹೊಡೆದುಕೊಂಡು ಹೋಗುತ್ತಾರೆ. ಮಾವನಿಗೆ ಹಟ ಬಂತು. ಹಳಿಗಳನ್ನು ಊರಾಚೆಯ ಹುಣಸೆಮರದ ಕೆಳಗೇ ಇಳಿಸಿ, ಗಾಡಿಯನ್ನೂ ಚಕ್ರಗಳನ್ನೂ ಅಲ್ಲಿಗೇ ಸಾಗಿಸಿದರು. ನೋಡಿದರೆ ಸುಂಕ ತಪ್ಪಿಸಲು ಗಾಡಿಗಳನ್ನು ಊರಾಚೆಯೇ ನಿಲ್ಲಿಸಿಕೊಂಡ ಚಿನ್ನಸ್ವಾಮಿಯೂ ಅಲ್ಲೇ, ಅರ್ಧ ಸಂತೆಯೂ ಅಲ್ಲೇ.

ಮಾವ ಮುಖ ತಿರುಗಿಸಿಕೊಂಡು ಬೆರಣಿ ಬೆಂಕಿ ಹಾಕಿದರು. ಆದರೆ ಕೆಂಪಗೆ ಕಾದ ಹಳಿಯನ್ನು ಒಬ್ಬರೇ ಎತ್ತಲಾಗದು. ಚಿನ್ನಸ್ವಾಮಿ ಬಂದು ಇನ್ನೊಂದು ಇಕ್ಕಳ ಹಿಡಿದ.

"ಇದಕ್ಕೆ ಸುಂಕ ಇಲ್ಲ ತಾನೇ ಅಣ್ಣಾ?"

ಮಾವ ಇತ್ತ ಬದಿಗೆ ತಮ್ಮ ಇಕ್ಕಳ ಹಾಕಿ ಎತ್ತಿದರು. ಹಳಿ ಕೂತಿತು. ನಮ್ಮ ಮನೆ ಹೆಂಗಸರು ನೀರು ಸುರಿಯುತ್ತಿದ್ದಂತೆ ಕಬ್ಬಿಣ ಕುಗ್ಗಿ ಮರವನ್ನು ಕಟಕಟನೆ ಬಿಗಿಹಿಡಿಯಿತು. ಗೋಪಾಲಪ್ಪನವರು ಬಗ್ಗಿ ನೋಡಿ ಚಕ್ರ ತಟ್ಟಿದರು.

"ಬಿಗೀನ ಕಣ್ಣಾರೆ ಕಂಡೆ. ನಂಗಿದೇ ಇರ್ಲಿ ಆಚಾರಿ. ನನ್ನ ತೋಟ ಹೆಂಗೂ ಊರಾಚೇನೆ, ಗಾಡಿ ಊರಬಾಗ್ಲು ದಾಟೋದೇ ಬೇಡ."

"ಹಿಡ್ಕೊಟ್ಟು ಕೆಟ್ಟೆ ನಾನು," ಎಂದು ಚಿನ್ನಸ್ವಾಮಿ ಇಕ್ಕಳ ಕೆಳಗಿಟ್ಟ.

ಮಾವ ಬೆಂಗಳೂರಿನ ಕೂಲಿಯ ಮಾತು ಬಿಟ್ಟಿದ್ದಾರೆ. ಗಾಡಿ ಮೇಲಿನ ಸುಂಕ ಇರಲಿ, ಹಳಿ ಮೇಲಿನದು ಮಾತ್ರ ತೆಗೆಯಲಿ ಎನ್ನುತ್ತಾರೆ. ನಾಳೆ ಬೆಳಿಗ್ಗೆ ನಾನು ಪಟೇಲರಿಗೆ ಆ ಅರ್ಜಿ ಬರೆದುಕೊಡುತ್ತೇನೆ.